ಸಂಪಾಜೆ ಘಾಟಿಯೂ ಅಪ್ಪನ ನ್ಯೂಟ್ರಲ್ಲೂ

ಬೆಳಗಿನ ಆರೂವರೆ. ಮಡಿಕೇರಿಯ ಮಂಜು ಇನ್ನೂ ಕರಗಿಲ್ಲ. ಇವತ್ತು ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೊರಟಿದ್ದೇವೆ. ಪಕ್ಕದ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡು ಕೂತವರು ಅಪ್ಪ.

ನನಗೆ ಕಾರು ಕಲಿಸಿದ್ದು ಅವರೇ. ಇಳಿಜಾರು ಸಿಕ್ಕ ಕೂಡಲೇ ನ್ಯೂಟ್ರಲ್‌ಗೆ ಹಾಕುವುದನ್ನೂ ಅವರೇ ಕಲಿಸಿದರು. "ಇಳಿಯುವುದಕ್ಕೂ ಪೆಟ್ರೋಲ್ ದಂಡ ಮಾಡಬೇಕಾ?" ಎಂಬುದು ಅವರ ಲೆಕ್ಕ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುತ್ತಿದ್ದ ಹಳೆಯ ಕಾರ್ಬ್ಯುರೇಟರ್ ಕಾಲದಲ್ಲಿ ಅದರಲ್ಲಿ ಒಂದಿಷ್ಟು ಹುರುಳಿತ್ತು. ಈಗಿನ ಕಾರಿನಲ್ಲಿ ಲೆಕ್ಕ ತಿರುಗುಮುರುಗು. ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಅದರ ವೇಗ ತೀರಾ ಇಳಿಯುವವರೆಗೆ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಅದನ್ನು ಬಿಡುವುದೇ ಇಲ್ಲ. ನ್ಯೂಟ್ರಲ್ ಹಾಕಿದಿರೋ, ಎಂಜಿನ್ ಆರದಿರಲು ಪೆಟ್ರೋಲ್ ಕುಡಿಯುತ್ತಲೇ ಇರಬೇಕು. ಜೊತೆಗೆ ಕಾರನ್ನು ಹಿಡಿಯುವ ಹೊಣೆಯೆಲ್ಲ ಬ್ರೇಕಿನದು. ಮೂರು ವರ್ಷದ ಹಿಂದೆ ಇದೇ ದಾರಿಯ ಜೋಡುಪಾಲದ ಹತ್ತಿರ ಸುಟ್ಟ ವಾಸನೆ ಬಂದು, ಬ್ರೇಕ್ ಪೆಡಲ್ ಮೆತ್ತಗೆ ಕೆಳಗಿಳಿದ ದಿನ ನಾನು ಆ ವಿದ್ಯೆ ಬಿಟ್ಟೆ. ಈಗ ಎರಡನೆಯ ಅಥವಾ ಮೂರನೆಯ ಗೇರ್, ಅಷ್ಟೇ.

ಟೈರಿನ ಗಾಳಿ ಅಳೆಯುವ ಈ ಪುಟ್ಟ ಮೀಟರ್ ನೋಡಿ. ನಮ್ಮ ತೋಟದಿಂದ ಪೆಟ್ರೋಲ್ ಬಂಕಿಗೆ ಎಂಟು ಕಿಲೋಮೀಟರ್. ತಲುಪುವಷ್ಟರಲ್ಲಿ ಟೈರು ಬಿಸಿಯಾಗಿ ಇಲ್ಲದ ಗಾಳಿಯನ್ನೂ ಇದೆಯೆಂದು ತೋರಿಸುತ್ತದೆ. ಸುಮಾರು ಐದಾರು ಡಿಗ್ರಿ ಸೆಲ್ಸಿಯಸ್‌ಗೆ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸ. ಹಾಗಾಗಿ ಬೆಳಗ್ಗೆ ಅಂಗಳದಲ್ಲೇ, ಟೈರು ತಣ್ಣಗಿರುವಾಗ ನೋಡುತ್ತೇನೆ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿದೆ. ಟೈರಿನ ಮೈಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನಂಬಿ ತುಂಬಿಸಬೇಡಿ.

ಡಿಕ್ಕಿಯ ವಿಷಯ ಮಾತಾಡಲು ನನಗೇ ನಾಚಿಕೆ. ಕತ್ತಿ, ಹಗ್ಗ, ಅರ್ಧ ಮೂಟೆ ಗೊಬ್ಬರ, ಯಾರಿಗೋ ಕೊಡಬೇಕಿದ್ದ ಬಾಳೆಗೊನೆ. 45 ಕಿಲೋ ಹೆಚ್ಚುವರಿ ಭಾರ ಮೈಲೇಜನ್ನು ಸುಮಾರು ಶೇ. 1ರಷ್ಟು ತಿನ್ನುತ್ತದೆ. ಬಾಳೆಗೊನೆ ಇಳಿದಿದೆ, ಗೊಬ್ಬರ ಇನ್ನೂ ಇದೆ.

ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಜಿಗಿಯುತ್ತದೆ ಎನ್ನುವವರಿದ್ದಾರೆ. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಅದರಿಂದ ಎಳೆತ ಸುಧಾರಿಸುತ್ತದೆ, ಪೆಟ್ರೋಲ್ ಅಷ್ಟೇನೂ ಉಳಿಯುವುದಿಲ್ಲ. ನಮ್ಮ ಕಡೆ ಅದಕ್ಕಿಂತ ದೊಡ್ಡ ಕಳ್ಳ ಮಳೆಗಾಲದ ಹ್ಯಾಂಡ್‌ಬ್ರೇಕ್. ಜುಲೈಯಲ್ಲಿ ನಾಲ್ಕು ದಿನ ಎಳೆದೇ ಬಿಟ್ಟರೆ ಬ್ರೇಕಿನ ಲೈನರ್, ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ತುಕ್ಕು ಹಿಡಿದು ಅಂಟುತ್ತದೆ. ಆಮೇಲೆ ಪೂರ್ತಿ ಬಿಡದೆ ಚಕ್ರವನ್ನು ಹಿಡಿದುಕೊಂಡೇ ಇರುತ್ತದೆ. ಅದಕ್ಕೇ ನಾನು ಸಮತಟ್ಟಾದ ಜಾಗ ನೋಡಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತೇನೆ. ಹೊರಡುವಾಗ ಕಲ್ಲು ತೆಗೆಯಲು ಮರೆಯುವುದು ಬೇರೆ ಕಥೆ.

ಸಂಪಾಜೆ ಬಂತು. ಅಪ್ಪ ಇಳಿದು ಮುಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿದರು. "ಅಷ್ಟೇನೂ ಬಿಸಿಯಿಲ್ಲ" ಎಂದರು. ಒಪ್ಪಿಕೊಂಡಂತೆ ಕಾಣಲಿಲ್ಲ. ವಾಪಸ್ ಹೋಗುವಾಗ ತಾವೇ ಓಡಿಸುತ್ತಾರಂತೆ, ಕೀ ಕೇಳಿದ್ದಾರೆ. ಪೂರ್ತಿ ಏರುದಾರಿ, ಧೈರ್ಯವಾಗಿ ಕೊಟ್ಟಿದ್ದೇನೆ.