ರೈಲಿನ ಕಿಟಕಿ, ಕಣ್ಣಿನ ಓಡಾಟ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯಿಂದ ವಾಡಿ ಕಡೆ ರೈಲಿನಲ್ಲಿ ಹೋಗುವಾಗ, ಕಿಟಕಿ ಪಕ್ಕ ಕೂತು ಹೊರಗೆ ನೋಡುವವರ ಕಣ್ಣನ್ನೊಮ್ಮೆ ಗಮನಿಸಿ. ತೊಗರಿ ಹೊಲ, ಶಹಾಬಾದ್ ಕಲ್ಲಿನ ಗಣಿ ಹಿಂದೆ ಸರಿಯುತ್ತಿರುತ್ತವೆ. ಕಣ್ಣಿನ ಕರಿಗುಡ್ಡೆ ಅವುಗಳ ಜೊತೆ ನಿಧಾನ ಜಾರುತ್ತದೆ, ಥಟ್ಟನೆ ಮುಂದಕ್ಕೆ ಜಿಗಿಯುತ್ತದೆ. ಮತ್ತೆ ಜಾರುತ್ತದೆ, ಮತ್ತೆ ಜಿಗಿಯುತ್ತದೆ. ಕೂತವರಿಗೆ ಇದರ ಸುಳಿವೇ ಇರುವುದಿಲ್ಲ.

ಕಣ್ಣು ಹೀಗೆ ಜಾರದೆ ನಿಂತಲ್ಲೇ ನಿಂತಿದ್ದರೆ ಹತ್ತಿರದ ಹೊಲವೆಲ್ಲ ಮಸುಕು ಮಸುಕಾಗುತ್ತಿತ್ತು. ಹಾಗಾಗದಂತೆ ಕಾಯುವುದು ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡದ ನರಕೋಶಗಳು. ಅದರ ಮೇಲ್ತುದಿಯಲ್ಲಿರುವ ಸಣ್ಣ ಗುಂಪೊಂದಕ್ಕೆ ಎದುರಿಗಿರುವುದು ಹೊಲವೋ ಗಣಿಯೋ ಬೇಕಿಲ್ಲ. ನೋಟ ಯಾವ ದಿಕ್ಕಿಗೆ, ಎಷ್ಟು ವೇಗವಾಗಿ ಸರಿಯುತ್ತಿದೆ ಅನ್ನುವುದಷ್ಟೇ ಬೇಕು. ಒಂದೊಂದು ಕೋಶಕ್ಕೂ ತನ್ನದೇ ದಿಕ್ಕು. ನೋಟ ಆ ಕಡೆ ಸರಿದರೆ ಅದರ ಮಿಡಿತ ಜಾಸ್ತಿ, ಎದುರು ದಿಕ್ಕಾದರೆ ಕಡಿಮೆ. ಕಣ್ಣಿನ ಸ್ನಾಯುಗಳು ನಡೆಯುವುದು ಈ ಲೆಕ್ಕದಂತೆ.

ತಲೆ ಅಲ್ಲಾಡಿದಾಗ ಅದನ್ನು ಗುರುತಿಸುವ ಒಳಗಿವಿಯೂ ಕೈಜೋಡಿಸುತ್ತದೆ. ಪೇಪರನ್ನು ಜೋರಾಗಿ ಅಲ್ಲಾಡಿಸಿ, ಅಕ್ಷರ ಓದಲಾಗದು. ಪೇಪರ್ ಹಾಗೇ ಹಿಡಿದು ತಲೆ ಅಲ್ಲಾಡಿಸಿ, ಆರಾಮಾಗಿ ಓದಬಹುದು! ಒಳಗಿವಿಯ ಸುದ್ದಿ ಮಿದುಳುಕಾಂಡ ಹಾದು ಕಣ್ಣಿಗೆ ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಕಣ್ಣಿಂದ ಬರುವ ಸುದ್ದಿ ಅಷ್ಟು ಚುರುಕಲ್ಲ. ಒಳಗಿವಿಯ ಕೆಲಸ ಬಿಡಿಸಿ ತೋರಿದ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಸಂದಿತು. ಆದರೆ ರೈಲು ಒಂದೇ ವೇಗದಲ್ಲಿ ಓಡುವಾಗ ಕಿವಿಗೆ ಏನೂ ಗೊತ್ತಾಗುವುದಿಲ್ಲ. ಆಗ ಎಲ್ಲ ಕಣ್ಣಿನ ಸುದ್ದಿಯ ಮೇಲೇ.

ಇದರಲ್ಲಿ ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು ಕೂಸುಗಳ ವಿಷಯ. ಮಾತು ಬಾರದ ಕೂಸಿಗೆ ಕಣ್ಣು ಕಾಣುತ್ತದೋ ಇಲ್ಲವೋ, ಹೇಗೆ ತಿಳಿಯಬೇಕು? ಕಪ್ಪು ಬಿಳಿ ಪಟ್ಟೆಯ ಡ್ರಮ್ ಒಂದನ್ನು ಅದರೆದುರು ನಿಧಾನ ತಿರುಗಿಸುತ್ತಾರೆ. ಕಣ್ಣು ಜಾರಿ ಜಿಗಿದರೆ ಪಟ್ಟೆ ಕಾಣುತ್ತಿದೆ ಅಂತಲೇ ಅರ್ಥ. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ಸೋಜಿಗ ಕಾಣುತ್ತದೆ. ಎರಡು ತಿಂಗಳ ಕೂಸು ಕಿವಿ ಕಡೆಯಿಂದ ಮೂಗಿನ ಕಡೆ ಸರಿಯುವ ಪಟ್ಟೆಯನ್ನು ಚೆನ್ನಾಗಿ ಹಿಂಬಾಲಿಸುತ್ತದೆ. ತಿರುಗಾ ಮುರುಗಾ ಆದರೆ ಅದಕ್ಕೆ ಕಷ್ಟ. ಮಿದುಳುಕಾಂಡ ಆಗಲೇ ಕೆಲಸಕ್ಕಿಳಿದಿರುತ್ತದೆ, ಮೇಲಿನ ಮಿದುಳು ಇನ್ನೂ ಪೂರ್ತಿ ಕೈಹಾಕಿರುವುದಿಲ್ಲ.

ಎದುರಿಗೆ ಏನೂ ಸರಿಯದಿದ್ದರೂ ಕೂಸಿನ ಕಣ್ಣು ಒಂದೇ ಸಮ ಅದುರುತ್ತಿದ್ದರೆ, ದೊಡ್ಡದಾದ ಮೇಲೆ ಸರಿಹೋಗುತ್ತೆ ಅಂತ ಸುಮ್ನೆ ಕಾಯಬೇಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣು ಅದುರುವಾಗ ಮೊಬೈಲಿನಲ್ಲಿ ವಿಡಿಯೊ ಹಿಡಿದಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಕೂಸು ನಿದ್ದೆ ಹೋದರೂ ಡಾಕ್ಟರು ಅದನ್ನು ನೋಡಬಹುದು.