ಎಂಜಿನ್ ಕುದಿಯುತ್ತಿದೆಯೆ? ಮೊದಲು ಗಾಳಿಗೆ ದಾರಿ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕೆಸರು, ಮರಳು, ಕಲ್ಲುಗುಡ್ಡಗಳಲ್ಲಿ ಓಡಿಸಲೆಂದೇ ತಯಾರಾದ ಆಫ್‌ರೋಡ್ ಬೈಕ್ ಒಂದು ಕಡಿದಾದ ಏರನ್ನು ಹತ್ತುತ್ತ ಹತ್ತುತ್ತ ಬುಸ್ಸೆಂದು ಹಬೆ ಬಿಟ್ಟು ನಿಂತಾಗ, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಮುಂದೇನು ಎಂದು ತೋಚದೆ ಅದರ ಪಕ್ಕದಲ್ಲಿ ನಿಂತವರು ಈ ಹೊತ್ತು ನನ್ನ ಮಾತು ಕೇಳುತ್ತಿದ್ದಾರೆಂದು ಭಾವಿಸಿಕೊಂಡಿದ್ದೇನೆ. ಅಂಥವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ‘ಯಾವ ಕೂಲಂಟ್ ಹಾಕಿಸಲಿ’ ಎಂಬುದು. ಕೂಲಂಟ್ ಎಂದರೆ ಎಂಜಿನ್ನಿನ ಶಾಖವನ್ನು ಹೊತ್ತೊಯ್ಯುವ ದ್ರವ. ನನ್ನ ಉತ್ತರ ಬಹಳ ಕಾಲದಿಂದ ಬದಲಾಗಿಲ್ಲ: ಮೊದಲು ಗಾಳಿಗೆ ದಾರಿ ಬಿಡಿ, ಕೂಲಂಟಿನ ಮಾತು ಆಮೇಲೆ.

ಎಂಜಿನ್ನಿನೊಳಗೆ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದದ್ದೆಲ್ಲ ಬರಿಯ ಶಾಖ. ಅದರಲ್ಲಿ ಒಂದಷ್ಟು ಸೈಲೆನ್ಸರಿನ ಮೂಲಕ ಹೊರಟುಹೋದರೆ, ಮತ್ತೊಂದಷ್ಟನ್ನು ಸಿಲಿಂಡರಿನ ಸುತ್ತ ಹರಿಯುವ ದ್ರವ ಹೊತ್ತುಕೊಂಡು ರೇಡಿಯೇಟರಿಗೆ ತರುತ್ತದೆ. ರೇಡಿಯೇಟರಿನಲ್ಲಿ ಚಪ್ಪಟೆ ಕೊಳವೆಗಳಿವೆ, ಕೊಳವೆಗಳ ನಡುವೆ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳಿವೆ, ಆ ರೆಕ್ಕೆಗಳ ಸಂದಿಯಲ್ಲಿ ಗಾಳಿ ನುಗ್ಗಿಹೋದರೆ ಶಾಖ ಹೋಗುತ್ತದೆ, ಗಾಳಿ ನುಗ್ಗದಿದ್ದರೆ ಶಾಖ ಅಲ್ಲೇ ಉಳಿಯುತ್ತದೆ. ಇಡೀ ವಿಷಯ ಇಷ್ಟೇ. ಹೆದ್ದಾರಿಯಲ್ಲಿ ಓಡುವ ಬೈಕಿಗೆ ಈ ಚಿಂತೆ ಅಷ್ಟಾಗಿ ಇರುವುದಿಲ್ಲ, ಏಕೆಂದರೆ ವೇಗವೇ ಗಾಳಿಯನ್ನು ಒದಗಿಸುತ್ತದೆ. ಆಫ್‌ರೋಡ್ ಬೈಕಿನ ಕಷ್ಟವೆಂದರೆ, ಎಂಜಿನ್ ಅತಿ ಹೆಚ್ಚು ದುಡಿಯುವ ಜಾಗದಲ್ಲೇ, ಅಂದರೆ ಫಸ್ಟ್ ಗೇರಿನಲ್ಲಿ, ಹಾಫ್ ಕ್ಲಚ್ಚಿನಲ್ಲಿ, ನಡೆದುಹೋಗುವವರಿಗಿಂತಲೂ ನಿಧಾನವಾಗಿ ಸಾಗುವಾಗಲೇ ಗಾಳಿ ಅತಿ ಕಡಿಮೆ ಸಿಗುತ್ತದೆ. ಸಿಗುವ ಆ ಅಲ್ಪಸ್ವಲ್ಪ ಗಾಳಿಯನ್ನೂ ನಾವು ಕೆಸರು ಮೆತ್ತಿ ತಡೆದರೆ ಎಂಜಿನ್ ಕುದಿಯದೆ ಇನ್ನೇನು ಮಾಡೀತು?

ಇದಕ್ಕೊಂದು ಪ್ರಸಂಗ ಹೇಳಬೇಕು. ಹುಡುಗನೊಬ್ಬ ತನ್ನ ಬೈಕನ್ನು ನನ್ನ ವರ್ಕ್‌ಶಾಪಿಗೆ ತಳ್ಳಿಕೊಂಡು ಬಂದ. ನಿಧಾನದ ಏರು ಬಂತೆಂದರೆ ಕೂಲಂಟ್ ಉಕ್ಕಿ ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಸುರಿಯುತ್ತದೆ ಎಂಬುದು ಅವನ ದೂರು. ನನ್ನ ಹತ್ತಿರ ಬರುವಷ್ಟರಲ್ಲಿ ಅವನು ಕೂಲಂಟ್ ಬದಲಿಸಿದ್ದ, ರೇಡಿಯೇಟರಿನ ಮುಚ್ಚಳ ಬದಲಿಸಿದ್ದ, ಕೂಲಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬದಲಿಸಿದ್ದ, ನೀರಿನ ಪಂಪನ್ನು ಬಿಚ್ಚಿಸಿ ಅದರ ಒಳಚಕ್ರವನ್ನೂ ಸೀಲನ್ನೂ ಹೊಸದಾಗಿ ಹಾಕಿಸಿದ್ದ. “ಸರ್, ಇದರಲ್ಲಿ ಇನ್ನು ಬದಲಿಸದೆ ಉಳಿದಿರುವುದು ನಾನೊಬ್ಬನೇ” ಎಂದು ಬೇಸರದಿಂದ ಹೇಳಿದ. ಬೈಕು ನೋಡಲು ಫಳಫಳ ಹೊಳೆಯುತ್ತಿತ್ತು. ಪ್ರತಿ ಸಲ ಓಡಿಸಿ ಬಂದ ಕೂಡಲೇ ಪ್ರೆಷರ್ ವಾಷರ್ ಹಿಡಿದು ತೊಳೆಯುತ್ತೇನೆ, ರೇಡಿಯೇಟರನ್ನಂತೂ ವಿಶೇಷ ಕಾಳಜಿಯಿಂದ ತೊಳೆಯುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿಕೊಂಡ. ನನಗೆ ಅನುಮಾನ ಹುಟ್ಟಿದ್ದೇ ಆ ಹೆಮ್ಮೆಯ ಮಾತು ಕೇಳಿ.

ಅಂಗಡಿಯ ದೀಪವನ್ನು ಆರಿಸಿ, ರೇಡಿಯೇಟರಿನ ಹಿಂಬದಿಗೆ ಒಂದು ಸಣ್ಣ ಟಾರ್ಚನ್ನು ಹಿಡಿದು, ಮುಂದೆ ಬಂದು ನೋಡು ಎಂದು ಅವನಿಗೆ ಹೇಳಿದೆ. ಬಲಬದಿಯ ರೇಡಿಯೇಟರಿನಲ್ಲಿ ಅಲ್ಲಲ್ಲಿ ಬೆಳಕು ತೂರಿ ಬಂತು. ಎಡಬದಿಯದರಲ್ಲಿ ಒಂದು ಮೂಲೆಯನ್ನು ಬಿಟ್ಟರೆ ಪೂರ್ತಿ ಕತ್ತಲು. ಮುಂದಿನಿಂದ ನೋಡಿದರೆ ಅಚ್ಚುಕಟ್ಟಾಗಿ ತೊಳೆದಂತೆ ಕಾಣುತ್ತಿದ್ದ ಆ ರೆಕ್ಕೆಗಳ ಮಧ್ಯಭಾಗದಲ್ಲಿ ಕೆಸರು ಒಣಗಿ ಗಟ್ಟಿಯಾಗಿ ಕೂತಿತ್ತು. ಅದನ್ನು ಅಲ್ಲಿಗೆ ಕಳಿಸಿದ್ದು ಅವನ ಕೈಯಲ್ಲಿದ್ದ ಪ್ರೆಷರ್ ವಾಷರ್. ಮುಂದಿನ ಚಕ್ರ ಎರಚಿದ ಕೆಸರನ್ನು ಅವನು ಮುಂದಿನಿಂದಲೇ ನೀರು ಹೊಡೆದು ಒಳಕ್ಕೆ ತುರುಕುತ್ತಿದ್ದ, ಜೊತೆಗೆ ಆ ರಭಸಕ್ಕೆ ಎಷ್ಟೋ ರೆಕ್ಕೆಗಳು ಮಡಚಿ ಒಂದರ ಮೇಲೊಂದು ಮಲಗಿದ್ದವು. ಎರಡೂ ಬದಿಯ ರೇಡಿಯೇಟರುಗಳನ್ನು ನೆನೆಸಿಟ್ಟು, ಮನೆಯ ನಲ್ಲಿಯಲ್ಲಿ ಬರುವಷ್ಟೇ ಒತ್ತಡದ ನೀರನ್ನು ಹಿಂದಿನಿಂದ ಮುಂದಕ್ಕೆ ಬಿಡುತ್ತ ಹೋದೆ. ಮೊದಲು ಕೆಂಪು ನೀರು ಬಂತು, ಆಮೇಲೆ ರೆಕ್ಕೆಯ ಸಂದಿಯಷ್ಟೇ ಅಗಲದ ಮಣ್ಣಿನ ಚೂರುಗಳು, ಹುಲ್ಲಿನ ಎಳೆಗಳು, ಯಾವುದೋ ಹುಳುವಿನ ರೆಕ್ಕೆ ಎಲ್ಲವೂ ಉದುರಿದವು. ಮಡಚಿದ ರೆಕ್ಕೆಗಳನ್ನು ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಲು ಅವನನ್ನೇ ಕೂರಿಸಿದೆ, ಸಂಜೆಯವರೆಗೂ ಕೂತು ಮಾಡಿದ. ಅದೇ ಹಳೆಯ ಏರನ್ನು ಆ ಬೈಕು ಆಮೇಲೆ ಒಂದು ತೊಟ್ಟು ಕೂಲಂಟನ್ನೂ ಚೆಲ್ಲದೆ ಹತ್ತಿತು. ಹೊಸದಾಗಿ ಕೊಂಡ ಭಾಗಗಳಲ್ಲಿ ಒಂದೂ ಅದಕ್ಕೆ ಕಾರಣವಾಗಿರಲಿಲ್ಲ; ಗಾಳಿಗೆ ದಾರಿ ಸಿಕ್ಕಿತ್ತು, ಅಷ್ಟೆ.

ಆದ್ದರಿಂದ ದಯವಿಟ್ಟು ಟಾರ್ಚ್ ಹಿಡಿದು ನೋಡಿ. ತೊಳೆಯುವುದಾದರೆ ಎಂಜಿನ್ ತಣ್ಣಗಾದ ಮೇಲೆ, ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ತೊಳೆಯಿರಿ. ಕಲ್ಲು ತಾಗದಿರಲೆಂದು ಹಾಕಿಸಿದ ಜಾಲರಿ ಇದ್ದರೆ ಅದನ್ನು ಬಿಚ್ಚಿ ತೊಳೆಯಿರಿ, ಏಕೆಂದರೆ ಒಣಹುಲ್ಲು ಹೆಚ್ಚಾಗಿ ಜಾಲರಿಯ ಹಿಂದೆಯೇ ಸಿಕ್ಕಿಕೊಂಡಿರುತ್ತದೆ. ಫ್ಯಾನ್ ಇದ್ದರೆ ಅದು ತಿರುಗುತ್ತಿದೆಯೇ ಎಂಬುದರ ಜೊತೆಗೆ ಯಾವ ಕಡೆಗೆ ಗಾಳಿ ಬಿಡುತ್ತಿದೆ ಎಂಬುದನ್ನೂ ಒಂದು ಕಾಗದದ ಚೂರು ಹಿಡಿದು ಪರೀಕ್ಷಿಸಿ. ವೈರುಗಳನ್ನು ಅದಲುಬದಲಾಗಿ ಜೋಡಿಸಿದ್ದರೆ ಅದು ಮುಂದಿನಿಂದ ಬರುವ ಗಾಳಿಯನ್ನು ಎದುರಿಸಿ ತಳ್ಳುತ್ತಿರುತ್ತದೆ.

ಇನ್ನು ಮುಚ್ಚಳದ ವಿಷಯ. ರೇಡಿಯೇಟರಿನ ಮುಚ್ಚಳ ಕೆಲಸ ಮಾಡುವುದು ಅಡುಗೆಮನೆಯ ಕುಕ್ಕರಿನ ತತ್ತ್ವದ ಮೇಲೆ: ಒಳಗೆ ಒತ್ತಡ ಹಿಡಿದಿಟ್ಟಷ್ಟೂ ದ್ರವ ಕುದಿಯುವುದು ತಡವಾಗುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ (ಕೂಲಂಟುಗಳಲ್ಲಿ ಸಾಮಾನ್ಯವಾಗಿ ಇರುವ ಮುಖ್ಯ ರಾಸಾಯನಿಕ) ಬೆರೆತ ದ್ರವ ಮುಚ್ಚಳವಿಲ್ಲದೆ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, 1.1 ಬಾರ್ ಒತ್ತಡ ತಡೆಯುವ ಮುಚ್ಚಳ ಹಾಕಿದರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ಒಳಗಿನ ರಬ್ಬರ್ ಬಿರಿದಿದ್ದರೆ ಈ ಲಾಭವೆಲ್ಲ ಹೋಯಿತು. ಆದರೆ ಹೆಚ್ಚು ಒತ್ತಡದ ಮುಚ್ಚಳ ತಂದು ಹಾಕಿದ ಮಾತ್ರಕ್ಕೆ ಎಂಜಿನ್ ತಣ್ಣಗಾಗುತ್ತದೆಂದು ನಂಬಬೇಡಿ. ಅದು ಕುದಿಯುವುದನ್ನು ಮುಂದೂಡುತ್ತದೆಯೇ ಹೊರತು ಶಾಖವನ್ನು ಹೊರಹಾಕುವುದಿಲ್ಲ. ಹೊರಹಾಕುವುದು ಗಾಳಿ ಮಾತ್ರ. ಬಿಸಿಯಿರುವಾಗ ಮುಚ್ಚಳವನ್ನು ಮುಟ್ಟಲೂಬೇಡಿ, ಕುದಿಯುವ ದ್ರವ ನೇರವಾಗಿ ಮುಖಕ್ಕೆ ಚಿಮ್ಮುತ್ತದೆ.

ಕೂಲಂಟಿನ ಬಗ್ಗೆ ಕೇಳಿದವರಿಗೆ ಈಗ ಉತ್ತರ. ಅಲ್ಯೂಮಿನಿಯಂ ಎಂಜಿನ್ನಿಗೆ ಹೊಂದುವ ಯಾವುದೇ ಒಳ್ಳೆಯ ಕೂಲಂಟ್ ಸಾಕು. ಗಾಢ ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂದು ನೀರು ಬೆರೆಸದೆ ಸುರಿಯುವವರಿದ್ದಾರೆ, ಅದು ತಪ್ಪು ಲೆಕ್ಕ, ಶಾಖ ಹೊರುವ ಶಕ್ತಿ ಗ್ಲೈಕಾಲ್‌ಗಿಂತ ನೀರಿಗೇ ಬಹಳ ಹೆಚ್ಚು. ತುಂಬಿಸುವಾಗ ಮುಂದಿನ ಚಕ್ರವನ್ನು ಎತ್ತರದಲ್ಲಿಟ್ಟು, ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಹೊರಬಂದ ಮೇಲೆ ಮತ್ತೆ ಮಟ್ಟ ನೋಡಿ ತುಂಬಿಸಿ. ಗಾಳಿ ಇರಬೇಕಾದದ್ದು ರೇಡಿಯೇಟರಿನ ಹೊರಗೆ, ಒಳಗಲ್ಲ.

ಸಮಯ ಮುಗಿಯುತ್ತಿದೆ ಎಂದು ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಾಫ್ ಕ್ಲಚ್ಚಿನಲ್ಲೇ ಏರು ಹತ್ತುವ ಅಭ್ಯಾಸವಿದ್ದರೆ ಕ್ಲಚ್ಚಿನ ಶಾಖವೂ ಎಂಜಿನ್ನಿಗೆ ಸೇರುತ್ತದೆ. ಕುದಿಯುವ ಸೂಚನೆ ಕಂಡರೆ ಎಂಜಿನ್ ಆಫ್ ಮಾಡಿ ಕಾಯಿರಿ. ರೇಡಿಯೇಟರ್ ಇಲ್ಲದ ಬೈಕುಗಳಲ್ಲಿ ಸಿಲಿಂಡರಿನ ಮೇಲಿರುವ ರೆಕ್ಕೆಗಳೇ ರೇಡಿಯೇಟರಿನ ಕೆಲಸ ಮಾಡುತ್ತವೆ, ಅವುಗಳ ನಡುವಿನ ಕೆಸರನ್ನೂ ಕೆರೆದು ತೆಗೆಯಿರಿ, ಆಯಿಲ್ ಮಟ್ಟ ನೋಡಿ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಂಶ ಕಡಿಮೆಯಾದರೂ ಎಂಜಿನ್ ಬಿಸಿಯೇರುತ್ತದೆ, ಅದನ್ನು ಬಲ್ಲ ಮೆಕ್ಯಾನಿಕ್ ಕೈಯಲ್ಲಿ ಸರಿಪಡಿಸಿಕೊಳ್ಳಿ. ರೇಡಿಯೇಟರಿನಲ್ಲಿ ಬೆಳಕು ಸಲೀಸಾಗಿ ತೂರುತ್ತಿದೆ, ಮುಚ್ಚಳ ಸರಿಯಿದೆ, ಕೂಲಂಟ್ ತುಂಬಿದೆ, ಆದರೂ ಕುದಿಯುತ್ತಿದೆ ಎಂದಾದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಸಿಕ್ಕಿಕೊಂಡ ಗಾಳಿಯಾದರೆ ಗುಳ್ಳೆಗಳು ಸ್ವಲ್ಪ ಹೊತ್ತಿನಲ್ಲೇ ನಿಲ್ಲುತ್ತವೆ. ಒಂದೇ ಸಮನೆ ಏಳುತ್ತಲೇ ಇದ್ದರೆ ಸಿಲಿಂಡರಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರುವ ಸಂಭವವೇ ಹೆಚ್ಚು, ಆಗ ನಲ್ಲಿ ನೀರಿನಿಂದ ಏನೂ ಆಗದು, ಹೆಡ್ಡನ್ನು ಬಿಚ್ಚಲೇಬೇಕು. ನಮಸ್ಕಾರ.