ಗೋಳಗುಮ್ಮಟದ ಪಿಸುಮಾತು, ಗಾಜಿನ ಮಣಿಯ ಬೆಳಕು

ಆತ್ಮೀಯರೇ,

ನಾನು ಇಂದು ಮಾತನಾಡಬೇಕಿರುವುದು ಸೂಕ್ಷ್ಮ ಕುಹರ ಲೇಸರ್‌ಗಳ ಬಗ್ಗೆ, ಎಂದರೆ ಬೆಳಕನ್ನು ಪುಟ್ಟದೊಂದು ಜಾಗದಲ್ಲಿ (ಕುಹರದಲ್ಲಿ) ಸುತ್ತಿಸುತ್ತಾ, ಒಂದೊಂದೇ ವೈರಸ್ಸನ್ನೂ ಪತ್ತೆಹಚ್ಚಬಲ್ಲ ಲೇಸರ್‌ಗಳ ಬಗ್ಗೆ. ಆದರೆ ಮೊದಲು ವಿಜಯಪುರಕ್ಕೆ ಹೋಗಿ ಬರೋಣ. ಗೋಳಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಗೊಟ್ಟವರಿಗೆ ಅದು ಕೇಳಿಸುತ್ತದೆ. ಮಾತು ಗೋಡೆಯ ಬಾಗನ್ನೇ ಹಿಡಿದು ಸುತ್ತಿ ಬರುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದ ಇದೇ ವಿಸ್ಮಯವನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಗಣಿತದಿಂದ ಬಿಡಿಸಿದರು. 1921ರಲ್ಲಿ ನಮ್ಮ ಸಿ.ವಿ. ರಾಮನ್ ಅವರು ಸದರ್ಲೆಂಡ್ ಜೊತೆಗೂಡಿ ಅಲ್ಲೇ ಪ್ರಯೋಗ ನಡೆಸಿದರು. ಆಮೇಲೆ ಗೋಳಗುಮ್ಮಟವನ್ನೂ ಅಧ್ಯಯನ ಮಾಡಿದರು. ಈ ಕಥೆಯಲ್ಲಿ ವಿಜಯಪುರಕ್ಕೂ ಪಾಲಿದೆ ಎಂಬುದು ನನಗೆ ತುಂಬಾ ಸಂತೋಷದ ವಿಷಯ.

ಈಗ ಆ ಗುಮ್ಮಟವನ್ನು ಒಂದು ತಲೆಗೂದಲಿನ ದಪ್ಪಕ್ಕೆ ಕುಗ್ಗಿಸಿ. ಕಲ್ಲಿನ ಬದಲು ಗಾಜು, ಮಾತಿನ ಬದಲು ಬೆಳಕು.

ಅಂಥ ಗಾಜಿನ ಮಣಿಯನ್ನು ಮಾಡುವ ಬಗೆ ಅಕ್ಕಸಾಲಿಗರ ಕೆಲಸವನ್ನು ನೆನಪಿಸುತ್ತದೆ. ಚಿನ್ನದ ಚೂರನ್ನು ಊದಿ ಕಾಯಿಸಿದಾಗ ಅದು ಕರಗಿ ತಾನಾಗಿಯೇ ಗುಂಡಾಗುತ್ತದಲ್ಲವೇ? ಆಪ್ಟಿಕಲ್ ಫೈಬರಿನ ತುದಿಯನ್ನು ಎಳೆದು ತೆಳುವಾಗಿಸಿ ಕಾಯಿಸಿದರೂ ಅಷ್ಟೇ. ತುದಿ ಕೆಂಡದಂತೆ ಹೊಳೆದು ಮೆತ್ತಗಾಗುತ್ತದೆ, ಮೇಲ್ಮೈ ಎಳೆತ ಅದನ್ನು ದುಂಡಗೆ ಸುತ್ತುತ್ತದೆ. ಯಾವ ಉಪಕರಣದಿಂದ ಉಜ್ಜಿದರೂ ಅಷ್ಟು ನುಣುಪು ಬರುವುದು ಕಷ್ಟ. ನುಣುಪು ಇಲ್ಲಿ ಸೊಗಸಿಗಾಗಿ ಅಲ್ಲ. ಅಂಚಿನ ಪ್ರತಿ ಒರಟೂ ಬೆಳಕನ್ನು ಹೊರಕ್ಕೆ ಚೆಲ್ಲುತ್ತದೆ.

ಒಳಸೇರಿದ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ, ಎಂದರೆ ಅಂಚಿಗೆ ತಾಗಿದಾಗಲೆಲ್ಲ ಒಳಕ್ಕೇ ಮರಳುತ್ತಾ, ಅಂಚಿಗೆ ಅಂಟಿಕೊಂಡೇ ಸುತ್ತುತ್ತದೆ. 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಅಗಲದ ಒಳ್ಳೆಯ ಮಣಿಯಲ್ಲಿ ಅದು ಆರುವ ಮೊದಲು ಸುಮಾರು 50,000 ಸುತ್ತು ಹಾಕಬಲ್ಲದು, ಎಂದರೆ 15 ಮೀಟರಿಗೂ ಹೆಚ್ಚು ನಡಿಗೆ! ಸುತ್ತು ಮುಗಿಸಿ ಬಂದ ಅಲೆ ತನ್ನ ಹೆಜ್ಜೆಯ ಮೇಲೇ ಹೆಜ್ಜೆ ಇಡಬೇಕು. ಹಾಗೆ ಹೊಂದುವ ಬಣ್ಣಗಳು ಮಾತ್ರ ಉಳಿಯುತ್ತವೆ. ಗಾಜಿನಲ್ಲಿ ಎರ್ಬಿಯಂನಂಥ ಧಾತುವನ್ನು ಬೆರೆಸಿ ಹೊರಗಿನ ಬೆಳಕಿನಿಂದ ಚೈತನ್ಯ ತುಂಬಿದರೆ ಪ್ರತಿ ಸುತ್ತಿನಲ್ಲೂ ಬೆಳಕು ಬಲವಾಗುತ್ತದೆ, ಮಣಿಯೇ ಲೇಸರ್ ಆಗುತ್ತದೆ. ಮೊದಲ ಲೇಸರ್ ಬೆಳಗಿದ ಮರುವರ್ಷವೇ, 1961ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದವರು ಪುಟ್ಟ ಸ್ಫಟಿಕದ ಗೋಲಗಳಲ್ಲಿ ಇದನ್ನು ಮಾಡಿ ತೋರಿಸಿದ್ದರು.

ಇಂಥ ಮಣಿಯಿಂದ ವೈರಸ್ ಪತ್ತೆಹಚ್ಚುವುದು ಹೇಗೆ? ಸುತ್ತುವ ಬೆಳಕು ಪೂರ್ತಿಯಾಗಿ ಗಾಜಿನೊಳಗೇ ಇರುವುದಿಲ್ಲ. ಅದರ ಒಂದು ತೆಳು ಸೆರಗು ಹೊರಗೆ ಕೆಲವು ನೂರು ನ್ಯಾನೋಮೀಟರಿನಷ್ಟು ಚಾಚಿರುತ್ತದೆ. ಅಂಚಿಗೆ ಬಂದು ಕೂತ ಕಣಕ್ಕೆ ಆ ಸೆರಗು ತಗಲುತ್ತದೆ, ಅದೂ ಒಮ್ಮೆಯಲ್ಲ, ಸಾವಿರಾರು ಬಾರಿ.

ಮುಂದಿನದನ್ನು ತಂಬೂರಿ ಶ್ರುತಿ ಮಾಡಿದವರು ಬೇಗ ಹಿಡಿಯುತ್ತಾರೆ. ನಡುವಿನ ಎರಡು ತಂತಿಗಳು ಕೂದಲೆಳೆಯಷ್ಟು ಬೇರೆಯಾಗಿದ್ದರೆ ನಾದ ಅಲೆಅಲೆಯಾಗಿ ಏರಿಳಿಯುತ್ತದೆ. ನಾವು ಬಿರಡೆ ತಿರುಗಿಸುವುದು ಆ ಏರಿಳಿತವನ್ನು ಕೇಳಿಯೇ. ಕುಹರದಲ್ಲೂ ಎಡಕ್ಕೆ ಸುತ್ತುವ, ಬಲಕ್ಕೆ ಸುತ್ತುವ ಎರಡು ಬೆಳಕುಗಳಿವೆ, ಎರಡಕ್ಕೂ ಒಂದೇ ಶ್ರುತಿ. ಕಣವೊಂದು ಕೂತು ಬೆಳಕನ್ನು ಚದುರಿಸಿದೊಡನೆ ಇವು ಬೆರೆತು, ಶ್ರುತಿ ಎರಡಾಗಿ ಸೀಳುತ್ತದೆ. ಬೆಳಕು ಸೆಕೆಂಡಿಗೆ ಸುಮಾರು ಎರಡು ಕೋಟಿ ಕೋಟಿ ಸಲ ಕಂಪಿಸುತ್ತದೆ. ಅದನ್ನು ನೇರವಾಗಿ ಎಣಿಸುವ ಎಲೆಕ್ಟ್ರಾನಿಕ್ ಸಾಧನವಿಲ್ಲ. ಎರಡರ ವ್ಯತ್ಯಾಸವಾದರೋ ರೇಡಿಯೊ ತರಂಗಗಳ ಮಟ್ಟದ್ದು, ಸಲೀಸಾಗಿ ಎಣಿಸಬಹುದು. ಈ ಉಪಾಯದಿಂದ 2011ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಾನ್ ಯಾಂಗ್ ಅವರ ತಂಡ ಇನ್‌ಫ್ಲುಯೆಂಜಾ ವೈರಸ್ಸುಗಳನ್ನು ಒಂದೊಂದಾಗಿ ಗುರುತಿಸಿತು. ಈ ಕ್ಷೇತ್ರದ ಅತ್ಯಂತ ಚೆಲುವಾದ ಪ್ರಯೋಗ ಇದೆಂದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಒಂದು ಕಣ ಬಂತು, ಅದು ಸುಮಾರು ಇಷ್ಟು ದೊಡ್ಡದು ಎಂದು ಲೇಸರ್ ಹೇಳುತ್ತದೆ. ಬಂದದ್ದು ವೈರಸ್ಸೋ ಧೂಳೋ ಎಂದು ಹೇಳುವುದಿಲ್ಲ. ಆ ಗುರುತು ಬೇಕಾದರೆ ಅಂಚಿಗೆ ಪ್ರತಿಕಾಯಗಳನ್ನು (ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳನ್ನು) ಲೇಪಿಸಬೇಕು, ತಕ್ಕ ಅಣು ಮಾತ್ರ ಅಲ್ಲಿ ಕಚ್ಚಿಕೊಳ್ಳಬೇಕು. ಕಿವಿ ಬೆಳಕಿನದು, ಪರಿಚಯ ರಸಾಯನಶಾಸ್ತ್ರದ್ದು. ಮೇಲಾಗಿ ಕಣ ಆ ಸಣ್ಣ ಅಂಚಿಗೇ ಬಂದು ಮುಟ್ಟಬೇಕು. ತೀರಾ ತೆಳುವಾದ ದ್ರಾವಣದಲ್ಲಿ ಅದಕ್ಕಾಗಿ ಬಹಳ ಹೊತ್ತು ಕಾಯಬೇಕಾದೀತು. ಬರೀ ಸೂಕ್ಷ್ಮತೆಯ ಅಂಕಿ ನೋಡಿ ರೋಗಪತ್ತೆಯ ಸಾಧನ ಸಿದ್ಧವಾಯಿತೆಂದು ಹಿಗ್ಗುವವರಿಗೆ ನಾನು ಮೊದಲು ಕೇಳುವುದು ಈ ಎರಡು ಪ್ರಶ್ನೆಗಳನ್ನೇ.

ಕಣವೇ ಲೇಸರ್ ಬಳಿಗೆ ಬರಬೇಕೆಂದೇನೂ ಇಲ್ಲ, ಲೇಸರನ್ನೇ ಕಳಿಸಬಹುದು. 2015ರಲ್ಲಿ ಹಾರ್ವರ್ಡ್ ಮತ್ತು ಸೇಂಟ್ ಆಂಡ್ರೂಸ್‌ನ ತಂಡಗಳು ಜೀವಂತ ಕೋಶಗಳೊಳಗೆ ಇಂಥ ಮಣಿಗಳನ್ನು ಬೆಳಗಿಸಿದವು. 2020ರಲ್ಲಿ ಸೇಂಟ್ ಆಂಡ್ರೂಸ್‌ನವರು ಜೀಬ್ರಾ ಮೀನಿನ ಹೃದಯಕ್ಕೆ ಅವನ್ನು ಸೇರಿಸಿದರು. ಹೃದಯದ ಸ್ನಾಯು ಕುಗ್ಗಿದಾಗ ಮಣಿಯ ಸುತ್ತಲಿನ ಕೋಶದ್ರವ್ಯ ತುಸು ದಟ್ಟವಾಗುತ್ತದೆ, ಲೇಸರಿನ ಬಣ್ಣ ಎಳ್ಳಷ್ಟು ಜರುಗುತ್ತದೆ, ಸಡಿಲಿದಾಗ ಮರಳುತ್ತದೆ. ಹೀಗೆ, ಬಡಿತಕ್ಕೊಂದು ಸಲ, ಮೀನಿನ ಹೃದಯದಿಂದ ಬೆಳಕು ಸುದ್ದಿ ಕಳಿಸುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.